ಸ್ವಿಫ್ಟ್ ಮುಂದಿನ ಚಕ್ರದ ಬೇರಿಂಗ್: ಹೊಸದು ಹಾಕ್ಸಿ ಎರಡು ತಿಂಗಳಿಗೇ ಮತ್ತೆ ಸದ್ದು

ತೀರ್ಥಹಳ್ಳಿ ಸ್ವಿಫ್ಟ್
ಸಾಕಾಗಿ ಹೋಗಿದೆ. ಮಳೆ ಹಿಡಿಯೋ ಮೊದ್ಲು ಬೇರಿಂಗ್ ಹಾಕ್ಸಿದ್ದೆ, ಈಗ ಮತ್ತೆ ಅದೇ ಗುಂಯ್ ಅನ್ನೋ ಸದ್ದು. 50 ದಾಟಿದ್ರೆ ಶುರು, 70ಕ್ಕೆ ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ. ದಿನಾ ಶಿವಮೊಗ್ಗಕ್ಕೆ ಹೋಗಿ ಬರೋನು ನಾನು. ಮಂಡಗದ್ದೆ ಕಡೆ ತಿರುವುಗಳಲ್ಲಿ ತಲೆ ಚಿಟ್ಟು ಹಿಡಿಯುತ್ತೆ. ಬೇರಿಂಗ್ ಒರಿಜಿನಲ್ಲೇ, ಬಿಲ್ ಇಟ್ಕೊಂಡಿದೀನಿ. ಹಾಕಿದವರು ಈಗ ‘ಇದು ಬೇರಿಂಗ್ ಸದ್ದೇ ಅಲ್ಲ’ ಅಂತಾರೆ. ಮತ್ತೆಂತದು?

ಸಾಗರದ ಜೀಪು
ಟೈರ್ ನೋಡಿ ಮಾರಾಯ್ರೆ. ಹತ್ತರಲ್ಲಿ ಎಂಟು ಸಲ ಟೈರೇ. ಟೈರಿನ ಹೂವು, ಅಂದ್ರೆ ನೆಲಕ್ಕೆ ತಾಗೋ ಕಚ್ಚುಗಳ ಮೇಲೆ ಕೈ ಆಡಿಸಿ, ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಾಗಿದ್ರೆ ಅದೇ ಸದ್ದು. ಥೇಟ್ ಬೇರಿಂಗ್ ಥರಾನೇ ಕೇಳ್ಸುತ್ತೆ.

ಕೊಪ್ಪ ಕಾಫಿತೋಟ
ಯಾವ ಚಕ್ರ? ಯಾವ ವರ್ಷದ ಗಾಡಿ? ಎಬಿಎಸ್ ಇದೆಯಾ? ಎಷ್ಟು ಓಡಿದೆ? ಇದೆಂತದೂ ಬರೀದೆ ‘ಮತ್ತೆಂತದು’ ಅಂದ್ರೆ ನಾವು ಎಂತ ಹೇಳೋದು?

ತೀರ್ಥಹಳ್ಳಿ ಸ್ವಿಫ್ಟ್
ಎಡ ಮುಂದಿಂದು. 2012ರ ಪೆಟ್ರೋಲ್, ಎಬಿಎಸ್ ಇಲ್ಲ, ಲಕ್ಷದ ಮೇಲೆ ಓಡಿದೆ. ಟೈರ್ ಹೋದ ವರ್ಷ ಹಾಕಿದ್ದು.

ಸಾಗರದ ಜೀಪು
ಹೋದ ವರ್ಷದ್ದಾದ್ರೆ ಏನು, ಅಲೈನ್‌ಮೆಂಟ್ ತಪ್ಪಿದ್ರೆ ಮೂರು ತಿಂಗಳಿಗೇ ಹೂವು ತಿಂದುಹಾಕುತ್ತೆ. ಮುಂದಿಂದು ಹಿಂದೆ, ಹಿಂದಿಂದು ಮುಂದೆ ಹಾಕಿ ಓಡ್ಸಿ. ಸದ್ದು ಹಿಂದೆ ಹೋದ್ರೆ ಟೈರ್.

ತೀರ್ಥಹಳ್ಳಿ ಸ್ವಿಫ್ಟ್
ಇವತ್ತು ಬದಲಿಸಿ ಓಡ್ಸಿದೆ. ಸದ್ದು ಮುಂದೇನೇ ಇದೆ, ಕೂದಲೆಳೆಯಷ್ಟೂ ಕಮ್ಮಿ ಆಗಿಲ್ಲ.

ಸಾಗರದ ಜೀಪು
ಹಂಗಾದ್ರೆ ನಾಲ್ಕೂ ಹಾಳಾಗಿರ್ಬೇಕು. ಅಲೈನ್‌ಮೆಂಟ್ ಚೀಟಿ ಹಾಕಿ ಇಲ್ಲಿ.

ಕೊಪ್ಪ ಕಾಫಿತೋಟ
ಟೈರ್ ಬಿಡಿ ಇನ್ನು, ಬದಲಿಸಿದ್ರೂ ಸದ್ದು ಜಾಗ ಬಿಟ್ಟಿಲ್ಲ ಅಂದ್ರಲ್ಲ. ನೀವು ಹೊಳೆ ನೀರಲ್ಲಿ ಇಳಿಸಿದೀರಾ? ಘಾಟಿ ಇಳ್ದು ಬ್ರೇಕ್ ಕಾದಿರುವಾಗ ಹಬ್ (ಚಕ್ರ ಕೂರೋ ನಡುಭಾಗ) ಕೂಡ ಕಾದಿರುತ್ತೆ. ಆಗ ತಣ್ಣೀರಿಗೆ ಇಳಿಸಿದ್ರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಂದ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ನಮ್ಮ ತೋಟದ ದಾರೀಲಿ ಒಂದು ಹಳ್ಳ ದಾಟ್ಬೇಕು. ನನ್ನ ಎರಡು ಬೇರಿಂಗ್ ಹೋಗಿದ್ದು ಹೀಗೇ.

ಸಾಗರದ ಜೀಪು
ಅದಕ್ಕೇ ಮಳೆಗಾಲದ ಮುಂಚೆ ಬಿಚ್ಚಿ ಗ್ರೀಸ್ ತುಂಬಬೇಕು ಅನ್ನೋದು. ನನ್ನ ಜೀಪಿಗೆ ನಾನು ಪ್ರತಿ ವರ್ಷ ಮಾಡ್ತೀನಿ, ಇವತ್ತಿನವರೆಗೆ ಒಂದೂ ಬೇರಿಂಗ್ ಕೈ ಕೊಟ್ಟಿಲ್ಲ.

ಕೊಪ್ಪ ಕಾಫಿತೋಟ
ಜೀಪಿಂದು ಟೇಪರ್ ರೋಲರ್, ಗುಂಡಿನ ಬದಲು ಓರೆ ಉರುಳೆ ಇರೋದು. ಬಿಚ್ಚಬಹುದು, ತೊಳೀಬಹುದು, ನಟ್ ತಿರುಗಿಸಿ ಬಿಗಿ ಹದ ಮಾಡಬಹುದು. ಸ್ವಿಫ್ಟ್ ಮುಂದಿಂದು ಎರಡು ಸಾಲು ಗುಂಡಿರೋ ಸೀಲ್ಡ್ ಬೇರಿಂಗ್. ಅದಕ್ಕೆ ಗ್ರೀಸ್ ತುಂಬೋ ದಾರಿ ಎಲ್ಲಿದೆ?

ಸಾಗರದ ಜೀಪು
ಸೀಲ್ ನಿಧಾನಕ್ಕೆ ಎಬ್ಬಿಸಿ ತುಂಬಿದವರನ್ನ ನಾನು ನೋಡಿದೀನಿ.

ಕೊಪ್ಪ ಕಾಫಿತೋಟ
ಎಬ್ಬಿಸಿದ ಸೀಲ್ ಮತ್ತೆ ಸರಿ ಕೂರಲ್ಲ. ದಯವಿಟ್ಟು ಬೇರೆಯವರ ಗಾಡಿಗೆ ಇಂಥದ್ದು ಹೇಳಬೇಡಿ.

ಲೇತ್‌ಮನೆ ಶಿವಮೊಗ್ಗ
ಜಗಳ ಆಮೇಲೆ ಆಡಿ. ತೀರ್ಥಹಳ್ಳಿಯವರೇ, ಮೂರು ಪ್ರಶ್ನೆ. ತಿರುವಿನಲ್ಲಿ ಸದ್ದು ಯಾವ ಕಡೆ ತಿರುಗಿದಾಗ ಜಾಸ್ತಿ? ಹಳೇ ಬೇರಿಂಗ್ ತೆಗೆಯುವಾಗ ಅದರ ಒಳಗಿನ ಬಳೆ ಹಬ್‌ಗೆ ಕಚ್ಕೊಂಡಿತ್ತಾ, ಇದ್ದಿದ್ರೆ ಹೆಂಗೆ ತೆಗೆದ್ರು? ಹೊಸದನ್ನ ಪ್ರೆಸ್‌ನಲ್ಲಿ (ಒತ್ತೋ ಯಂತ್ರದಲ್ಲಿ) ಕೂರಿಸಿದ್ರಾ?

ತೀರ್ಥಹಳ್ಳಿ ಸ್ವಿಫ್ಟ್
ಬಲಕ್ಕೆ ತಿರುಗಿದಾಗ ಜಾಸ್ತಿ, ಎಡಕ್ಕೆ ತಿರುಗಿದ್ರೆ ಪೂರ್ತಿ ನಿಂತೇ ಹೋಗುತ್ತೆ. ಬಳೆ ಕಚ್ಕೊಂಡಿತ್ತು, ಗ್ರೈಂಡರ್‌ನಲ್ಲಿ ಕೊಯ್ದು ಉಳಿ ಇಟ್ಟು ಹೊಡೆದ್ರು. ಎಲ್ರೂ ಹಾಗೇ ಮಾಡ್ತಾರಲ್ಲ ಅಂತ ಬರೀಲಿಲ್ಲ. ಹಬ್ ಹಳೇದೇ. ಪ್ರೆಸ್ ಇರ್ಲಿಲ್ಲ, ಹಳೇ ಬೇರಿಂಗ್ ಮೇಲಿಟ್ಟು ಸುತ್ತಿಗೇಲಿ ಕೂರಿಸಿದ್ರು. ನಾನು ಅಲ್ಲೇ ನಿಂತಿದ್ದೆ.

ಲೇತ್‌ಮನೆ ಶಿವಮೊಗ್ಗ
ಇದನ್ನ ಮೊದ್ಲೇ ಬರ್ದಿದ್ರೆ ನಿಮ್ಮ ಒಂದು ವಾರ ಉಳೀತಿತ್ತು.

ಬಲಕ್ಕೆ ತಿರುಗಿದಾಗ ಭಾರ ಎಡಚಕ್ರದ ಮೇಲೆ ಬೀಳುತ್ತೆ, ಎಡಕ್ಕೆ ತಿರುಗಿದಾಗ ಹಗುರ ಆಗುತ್ತೆ. ಹಾಗಾಗಿ ಎಡದ ಬೇರಿಂಗೇ ಮತ್ತೆ ಹೋಗಿದೆ. ಬೇರಿಂಗ್ ಒಳ್ಳೇದೇ ಇರಬಹುದು, ಕೂರಿಸಿದ ರೀತಿಯಲ್ಲೇ ಅದನ್ನ ಕೊಂದಿದಾರೆ. ನಕಲ್ (knuckle, ಬೇರಿಂಗ್ ಕೂರೋ ಲೋಹದ ತುಂಡು) ಒಳಗೆ ಒತ್ತುವಾಗ ಒತ್ತಡ ಹೊರಗಿನ ಬಳೆ ಮೇಲೆ ಮಾತ್ರ ಇರಬೇಕು. ಆಮೇಲೆ ಹಬ್ ಒತ್ತುವಾಗ ಒಳಗಿನ ಬಳೆಗೆ ಹಿಂದಿನಿಂದ ಆನಿಕೆ ಕೊಡಬೇಕು. ತಪ್ಪಿ ಇನ್ನೊಂದು ಬಳೆ ಮೇಲೆ ಪೆಟ್ಟು ಬಿದ್ರೆ, ಆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಓಡೋ ದಾರೀಲಿ ಸಣ್ಣ ಸಣ್ಣ ಗುಳಿ ಬೀಳಿಸುತ್ತೆ. ಅವತ್ತು ಗೊತ್ತಾಗಲ್ಲ. ಆಮೇಲೆ ಒಂದೊಂದು ಸುತ್ತಿಗೂ ಗುಳಿ ದೊಡ್ಡದಾಗ್ತಾ ಹೋಗುತ್ತೆ.

ನನಗೆ ಅದಕ್ಕಿಂತ ಚಿಂತೆ ಗ್ರೈಂಡರ್ ಬಗ್ಗೆ. ಬಳೆ ಕೊಯ್ಯುವಾಗ ಬ್ಲೇಡ್ ಒಂದು ಕೂದಲಷ್ಟು ಜಾಸ್ತಿ ಇಳಿದ್ರೂ ಹಬ್ ಮೇಲೆ ಗೀರು ಬೀಳುತ್ತೆ, ಉಳಿ ಏಟಿಗೆ ಅಂಚು ಎದ್ದಿರುತ್ತೆ. ಹೊಸ ಬೇರಿಂಗ್ ಅದರ ಮೇಲೆ ನೆಟ್ಟಗೆ ಕೂರಲ್ಲ. ಚಕ್ರ, ಡಿಸ್ಕ್ ತೆಗೆಸಿ, ಹಬ್ ಮುಖಕ್ಕೆ ಡಯಲ್ ಗೇಜ್ (ಸಣ್ಣ ಓಲಾಟ ಅಳೆಯೋ ಮುಳ್ಳಿನ ಮೀಟರ್) ಇಟ್ಟು ಒಂದು ಸುತ್ತು ತಿರುಗಿಸಿ. ಸಾಮಾನ್ಯವಾಗಿ 0.05 ಮಿ.ಮೀ. ಮೇಲೆ ಮುಳ್ಳು ಓಡಿದ್ರೆ ಅನುಮಾನ ಪಡಿ. ಮೇಲೆ ಕೆಳಗೆ ಹಿಡ್ದು ಚಕ್ರ ಅಲ್ಲಾಡಿಸಿ ‘ಆಟ (ಸಡಿಲ) ಇಲ್ಲ, ಚೆನ್ನಾಗಿದೆ’ ಅನ್ನೋರನ್ನ ನಂಬಬೇಡಿ. ಎಷ್ಟೋ ಬೇರಿಂಗ್ ಆಟ ಬರೋ ಮೊದ್ಲೇ ಕೂಗೋಕೆ ಶುರು ಮಾಡುತ್ತೆ. ಜಾಕ್ ಹಾಕಿ ಚಕ್ರ ತಿರುಗಿಸ್ತಾ ಕಾಯಿಲ್ ಸ್ಪ್ರಿಂಗ್ ಮೇಲೆ ಕೈ ಇಟ್ರೆ ಗರಗರ ಅನ್ನೋದು ಬೆರಳಿಗೆ ಗೊತ್ತಾಗುತ್ತೆ.

ಹಬ್ ಹೊರಗೆ ಎಳೆದ ಮೇಲೆ ಆ ಬೇರಿಂಗ್ ಮತ್ತೆ ಹಾಕಬೇಡಿ, ಎಳೆಯುವಾಗಲೇ ಅದರ ಆಯುಷ್ಯ ಮುಗಿದಿರುತ್ತೆ. ಬೇರಿಂಗ್, ಹಬ್, ಸರ್ಕ್ಲಿಪ್ (ಬೇರಿಂಗ್ ಜಾರದ ಹಾಗೆ ಹಿಡಿಯೋ ಉಂಗುರ), ಆಕ್ಸಲ್ ನಟ್ ನಾಲ್ಕೂ ಹೊಸದು ತನ್ನಿ. ಬೇರಿಂಗ್ ನಕಲ್ ಒಳಗೆ ಕೈಯಲ್ಲೇ ಜಾರಿ ಹೋದ್ರೆ ನಕಲ್ಲೂ ಸವೆದಿದೆ ಅಂತ ಅರ್ಥ. ನಟ್‌ನ ಟಾರ್ಕ್ ಪಾನಾದಲ್ಲಿ (ಬಿಗಿ ಎಷ್ಟು ಅಂತ ಅಳೆಯೋ ಪಾನಾ), ಮ್ಯಾನುಯಲ್‌ನಲ್ಲಿರೋ ಅಳತೆಗೇ ಬಿಗಿ ಮಾಡ್ಸಿ. ಬಿಗಿ ಆಗೋ ತನಕ ಗಾಡಿ ಭಾರ ಚಕ್ರದ ಮೇಲೆ ಬಿಟ್ಟು ಉರುಳಿಸಬೇಡಿ.

ಸಾಗರದ ಜೀಪು
ಸುತ್ತಿಗೇಲಿ ಕೂರಿಸಿದ್ದೆಲ್ಲ ಹಾಳು ಅನ್ನೋದನ್ನ ನಾನು ಒಪ್ಪಲ್ಲ. ನಮ್ಮಪ್ಪ ಜೀವಮಾನ ಇಡೀ ಸುತ್ತಿಗೇಲೇ ಮಾಡಿದ್ದು.

ಲೇತ್‌ಮನೆ ಶಿವಮೊಗ್ಗ
ಟೇಪರ್ ಬೇರಿಂಗಿನ ಹೊರಬಳೆ ಬಿಡಿಯಾಗಿರುತ್ತೆ, ಅದನ್ನ ಹಿತ್ತಾಳೆ ಕಂಬಿ ಇಟ್ಟು ಹೊಡೀಬಹುದು. ಪೆಟ್ಟು ರೋಲರ್‌ಗೆ ಮುಟ್ಟಲ್ಲ. ನಿಮ್ಮ ಅಪ್ಪ ಮಾಡಿದ್ದು ಸರೀನೇ, ಆ ಗಾಡಿಗೆ.

ಹೊಸನಗರ ಅಡಿಕೆಮನೆ
ನಾನು ಮನೇಲೇ ಪ್ರೆಸ್ ಮಾಡ್ಕೊಂಡಿದೀನಿ. ಹಳೇ ಶೆಡ್ಡಿನ ಚಾನಲ್, 20 ಟನ್ ಬಾಟಲ್ ಜಾಕ್, ಎರಡು ಸ್ಪ್ರಿಂಗ್. ಅಡಿಕೆ ಸುಲಿಯೋ ಮೆಷಿನ್ ಬೇರಿಂಗು, ಪಂಪಿನ ಬೇರಿಂಗು, ಊರವರ ಗಾಡೀದು ಎಲ್ಲ ಅದ್ರಲ್ಲೇ. ಹಳೇ ಬೇರಿಂಗಿನ ಹೊರಬಳೆಗಳನ್ನ ಒಂಚೂರು ಉಜ್ಜಿ ಸೈಜುವಾರು ಇಟ್ಕೊಂಡಿದೀನಿ, ಒತ್ತೋಕೆ ಅದಕ್ಕಿಂತ ಒಳ್ಳೆ ಸಾಮಾನಿಲ್ಲ.

ತೀರ್ಥಹಳ್ಳಿ ಸ್ವಿಫ್ಟ್
ಇವತ್ತು ಬೇರೆ ಕಡೆ ಬಿಚ್ಚಿಸಿದೆ. ಹಬ್ ಮೇಲೆ ಉಗುರು ಸಿಕ್ಕೊಳ್ಳೋಷ್ಟು ಆಳದ ಗೀರು, ಅದರ ಪಕ್ಕ ಉಳಿ ಗುರುತು. ಹೊಸ ಬೇರಿಂಗಿನ ಒಳಬಳೆ ಅದೇ ಜಾಗದಲ್ಲಿ ನೀಲಿಗಟ್ಟಿದೆ. ಎರಡು ತಿಂಗಳು ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಇದ್ರಲ್ಲೇ ಆಗುಂಬೆ ಘಾಟಿ ಇಳಿದಿದೀನಿ, ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ. ಹಬ್ ಇಲ್ಲಿ ಸಿಗ್ಲಿಲ್ಲ, ಶಿವಮೊಗ್ಗದಿಂದ ಸೋಮವಾರ ಬರುತ್ತಂತೆ. ನಕಲ್ ಬಿಚ್ಚಿ ನಿಮ್ಮಲ್ಲಿಗೇ ತರ್ತೀನಿ ಲೇತ್‌ಮನೆಯವರೇ, ಒತ್ತಿ ಕೊಡ್ತೀರಾ?

ಲೇತ್‌ಮನೆ ಶಿವಮೊಗ್ಗ
ತನ್ನಿ. ಹಬ್, ಬೇರಿಂಗ್ ಎರಡನ್ನೂ ಪೊಟ್ಟಣ ಒಡೀದೆ ತನ್ನಿ. ಹಳೇ ಹಬ್ಬನ್ನೂ ಎಸೀಬೇಡಿ, ನಮ್ಮ ಹುಡುಗರಿಗೆ ತೋರಿಸ್ಬೇಕು.

ಸಾಗರದ ಜೀಪು
ಹೊಸನಗರದವರೇ, ಆ ಪ್ರೆಸ್‌ಗೆ ಚಾನಲ್ ಎಷ್ಟು ದಪ್ಪದ್ದು? ಒಂದು ಫೋಟೋ ಹಾಕ್ತೀರಾ?