ಜ್ಯಾಂಗೊ: 201 ತೆರೆಯುತ್ತೆ, 500ಡಿ ಮಾತ್ರ 404. ಯಾಕೆ?

ಬನಶಂಕರಿ_ಬಸ್:
ಎಲ್ಲರಿಗೂ ನಮಸ್ಕಾರ. ಜ್ಯಾಂಗೊ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) ಈಗಷ್ಟೇ ಕಲೀತಿದೀನಿ, ಬಿಎಂಟಿಸಿ (ಬೆಂಗಳೂರಿನ ಸಿಟಿ ಬಸ್) ಮಾರ್ಗಗಳ ಪುಟ ಮಾಡ್ತಿದೀನಿ. ಯುಆರ್‌ಎಲ್ಸ್ ಫೈಲಿನಲ್ಲಿ (ಯಾವ ವಿಳಾಸಕ್ಕೆ ಯಾವ ಪುಟ ಅಂತ ಬರೆಯೋ ಕಡೆ) ‘ಮಾರ್ಗ/<ಇಂಟ್:ನಂಬರ್>/’ ಅಂತ ಕೊಟ್ಟಿದೀನಿ. /ಮಾರ್ಗ/201/ ಬರುತ್ತೆ, /ಮಾರ್ಗ/500ಡಿ/ ಕೊಟ್ಟರೆ 404, ಅಂದ್ರೆ ಪುಟ ಸಿಗಲಿಲ್ಲ ಅಂತ. ಡೇಟಾಬೇಸ್‌ನಲ್ಲಿ 500ಡಿ ಇದೆ. ವ್ಯೂ (ಪುಟ ತಯಾರಿಸೋ ಫಂಕ್ಷನ್) ಒಳಗೆ ಪ್ರಿಂಟ್ ಹಾಕಿದರೂ ಏನೂ ಕಾಣಲ್ಲ. ರಿಕ್ವೆಸ್ಟ್ ಎಲ್ಲಿ ಹೋಗ್ತಿದೆ?

ಫಿಲ್ಟರ್_ಕಾಫಿ:
ಪ್ರಿಂಟ್ ಬಂದಿಲ್ಲ ಅಂದ್ರೆ ರಿಕ್ವೆಸ್ಟ್ ವ್ಯೂ ತನಕ ಬಂದೇ ಇಲ್ಲ. ಬ್ರೌಸರ್ ಕಳಿಸಿದ್ದು ಮೊದಲು ಮಿಡಲ್‌ವೇರ್‌ಗಳನ್ನ (ವ್ಯೂಗೆ ಮುಂಚೆ ರಿಕ್ವೆಸ್ಟನ್ನ ತಪಾಸಣೆ ಮಾಡೋ ಪದರಗಳು) ದಾಟುತ್ತೆ. ಆಮೇಲೆ ಜ್ಯಾಂಗೊ ಯುಆರ್‌ಎಲ್‌ಪ್ಯಾಟರ್ನ್ಸ್ ಪಟ್ಟಿಯನ್ನ ಮೇಲಿಂದ ಕೆಳಕ್ಕೆ ಒಂದೊಂದಾಗಿ ಹೋಲಿಸುತ್ತೆ. ಮೊದಲು ಹೊಂದಿದ ಸಾಲಿನ ವ್ಯೂ ಓಡುತ್ತೆ, ಯಾವುದೂ ಹೊಂದದಿದ್ದರೆ ಅಲ್ಲೇ 404. ಡೇಟಾಬೇಸಿನ ಮಾತು ಇನ್ನೂ ಬಂದಿಲ್ಲ.

‘ಇಂಟ್’ಗೆ ಬರೀ ಅಂಕಿ ಬೇಕು, ಡಿ ಕಂಡರೆ ಹೊಂದಲ್ಲ. ‘ಎಸ್‌ಟಿಆರ್’ (ಸ್ಟ್ರಿಂಗ್, ಅಂದ್ರೆ ಪಠ್ಯ) ಹಾಕಿ, ಅದು ಸ್ಲ್ಯಾಶ್ ಒಂದನ್ನ ಬಿಟ್ಟು ಏನನ್ನಾದರೂ ಹಿಡಿಯುತ್ತೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಡೀಬಗ್ ಟ್ರೂ ಇದ್ದಾಗ ಆ 404 ಪುಟದಲ್ಲೇ ಯಾವ್ಯಾವ ಪ್ಯಾಟರ್ನ್ ನೋಡಿತು ಅಂತ ಕ್ರಮವಾಗಿ ಬರೆದಿರುತ್ತೆ. ಯಾರೂ ಓದಲ್ಲ, ಅಷ್ಟೇ.

ಬನಶಂಕರಿ_ಬಸ್:
500ಡಿ ಬಂತು! ಆದರೆ ಹೊಸ ಮಾರ್ಗ ಸೇರಿಸೋ ಫಾರ್ಮ್ /ಮಾರ್ಗ/ಹೊಸದು/ ನಿನ್ನೆ ತನಕ ಬರ್ತಿತ್ತು, ಈಗ 404.

ಫಿಲ್ಟರ್_ಕಾಫಿ:
ಇದು ಬೇರೆ 404. ‘ಎಸ್‌ಟಿಆರ್’ ಸಾಲು ಮೇಲಿದೆ, ಅದರ ಲೆಕ್ಕದಲ್ಲಿ ‘ಹೊಸದು’ ಕೂಡ ಒಂದು ಬಸ್ ನಂಬರೇ. ಈ ಸಲ ವ್ಯೂ ಓಡಿದೆ, ಡೇಟಾಬೇಸ್‌ನಲ್ಲಿ ಹುಡುಕಿ ಸಿಗದೆ ಒಳಗಿಂದ 404 ಎಸೆದಿದೆ. ಪ್ರಿಂಟ್ ನೋಡಿ, ಬಂದಿರುತ್ತೆ. ‘ಮಾರ್ಗ/ಹೊಸದು/’ ಸಾಲನ್ನ ಮೇಲಕ್ಕೆ ತನ್ನಿ.

‘ಇಂಟ್’ ತರ ‘ಸ್ಲಗ್’ ಕೂಡ ಇದೆ, ಕೆಐಎ-9 (ವಿಮಾನ ನಿಲ್ದಾಣದ ಬಸ್) ತರದ್ದಕ್ಕೆ ಸಾಕು. ಆದರೆ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಮಾತ್ರ. ನಿಲ್ದಾಣದ ಹೆಸರು ಕನ್ನಡದಲ್ಲೇ ಬೇಕಿದ್ದರೆ ‘ಎಸ್‌ಟಿಆರ್’ ಬಿಡಬೇಡಿ.

ಕೋರಮಂಗಲ_ಕೋಡ್:
ಫಾರ್ಮ್ ಮಾತು ಬಂತಲ್ಲ, ಮುಂದೆ ಎಡವೋ ಜಾಗನೂ ಈಗಲೇ ಹೇಳ್ಬಿಡ್ತೀನಿ. ವಿಳಾಸದ ಕೊನೆಯ ಸ್ಲ್ಯಾಶ್ ಮರೆತರೆ ಕಾಮನ್‌ಮಿಡಲ್‌ವೇರ್ ಸ್ಲ್ಯಾಶ್ ಇರೋ ವಿಳಾಸಕ್ಕೆ ಕಳಿಸುತ್ತೆ. ಟರ್ಮಿನಲ್‌ನಲ್ಲಿ 301 (ಬೇರೆ ವಿಳಾಸಕ್ಕೆ ಹೋಗು), ಅದರ ಹಿಂದೆಯೇ 200 (ಸರಿ) ಕಾಣುತ್ತೆ. ಓದೋ ಪುಟಕ್ಕೆ ತೊಂದರೆ ಇಲ್ಲ. ಪೋಸ್ಟ್ (ಫಾರ್ಮ್ ತುಂಬಿ ಕಳಿಸೋದು) ಆದರೆ ತುಂಬಿದ ಮಾಹಿತಿ ಆ ತಿರುವಿನಲ್ಲಿ ಉದುರಿಹೋಗುತ್ತೆ, ಅದಕ್ಕೇ ಡೀಬಗ್ ಟ್ರೂ ಇದ್ದಾಗ ರನ್‌ಟೈಮ್‌ಎರರ್ ಕೊಡುತ್ತೆ. ಫಾರ್ಮಿನ ಆಕ್ಷನ್‌ನಲ್ಲಿ ವಿಳಾಸವನ್ನ ಕೈಯಲ್ಲಿ ಬರೆಯೋ ಬದಲು ಟೆಂಪ್ಲೇಟಿನ ಯುಆರ್‌ಎಲ್ ಟ್ಯಾಗ್ ಬಳಸಿ. ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಸೈಟಿಂದಲೇ ಬಂತು ಅನ್ನೋ ಗುರುತು) ಬಿಟ್ಟರೆ 403, ಅಂದ್ರೆ ಅನುಮತಿ ಇಲ್ಲ. ಅದು ಮಿಡಲ್‌ವೇರ್‌ನಲ್ಲೇ ನಿಲ್ಲೋದು, ಅಲ್ಲೂ ಪ್ರಿಂಟ್ ಹುಡುಕಬೇಡಿ.