ಓದುಗರ ಸ್ಪಂದನ: ಸಭಾಪಾಲಕರಿಗೆ ಹೇಳಲೋ, ಸುಮ್ಮನಿರಲೋ?

ಓದುಗರೊಬ್ಬರ ಸಮಸ್ಯೆ: ನಾನು ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಲೆಕ್ಕ ಬರೆಯುವವಳು. ವಿಧವೆಯರಿಗೆಂದು ಬಂದ ಕಾಣಿಕೆ ಕಟ್ಟಡದ ಖರ್ಚಿಗೆ ಹೋಗುತ್ತಿದೆ. ಸಭಾಪಾಲಕರಿಗೆ (ಪಾಸ್ಟರಿಗೆ) ಎದುರು ಮಾತು ಆಗಿಬರುವುದಿಲ್ಲ. "ಅಭಿಷಿಕ್ತರ (ದೇವರು ನೇಮಿಸಿದವರ) ತಂಟೆಗೆ ಹೋಗಬೇಡ" ಎನ್ನುತ್ತಾರೆ ಮನೆಯವರು. ಏನು ಮಾಡಲಿ?

ಸಹೋದರಿ, ಅಭಿಷಿಕ್ತನ ಮೇಲೆ ಕೈಯೆತ್ತಲಾರೆ ಎಂದವನು ದಾವೀದನೇ. ಆದರೆ ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ. ಏನ್ಗೆದಿಯ ಗವಿಯಿಂದ ಹೊರಬಂದು, ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸ ಸೌಲನಿಗೆ ಅಡ್ಡಬಿದ್ದ, "ನನ್ನ ತಂದೆಯೇ" ಎಂದು ಕರೆದ, ತಾನು ಕತ್ತರಿಸಿಕೊಂಡಿದ್ದ ಅವನ ನಿಲುವಂಗಿಯ ಅಂಚನ್ನು ಎತ್ತಿ ತೋರಿಸಿದ, ಆಮೇಲೆ ನ್ಯಾಯ ಕೇಳಿದ (1 ಸಮುವೇಲ 24). ಮರ್ಯಾದೆಯೂ ಇತ್ತು, ಕೈಯಲ್ಲಿ ಸಾಕ್ಷಿಯೂ ಇತ್ತು. ಮುಂದೆ ಅದೇ ದಾವೀದ ಅಭಿಷಿಕ್ತ ಅರಸನಾಗಿ ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿದಾಗ ಪ್ರವಾದಿ ನಾತಾನ ಸುಮ್ಮನಿದ್ದನೇ? ಯಜಮಾನನ ತುತ್ತಿನಲ್ಲಿ ಪಾಲು ತಿಂದು ಅವನ ಮಡಿಲಲ್ಲೇ ಮಲಗುತ್ತಿದ್ದ ಬಡವನ ಕುರಿಮರಿಯನ್ನು ಐಶ್ವರ್ಯವಂತನೊಬ್ಬ ಕಿತ್ತುಕೊಂಡ ಕಥೆ ಹೇಳಿದ. ದಾವೀದ ಕೆರಳಿ ತೀರ್ಪು ಕೊಟ್ಟ ಮೇಲೆಯೇ "ಆ ಮನುಷ್ಯನು ನೀನೇ" ಎಂದ. ನೀವೂ ಆಪಾದನೆಯಿಂದ ಶುರು ಮಾಡಬೇಡಿ. ಲೆಕ್ಕದ ಪುಸ್ತಕ ಮುಂದಿಟ್ಟು, ಈ ತಿಂಗಳು ಸಹಾಯ ಸಿಗದ ವಿಧವೆಯರ ಹೆಸರುಗಳನ್ನು ಒಂದೊಂದಾಗಿ ಓದಿ. ಪಾಲಕರ ಮನಸ್ಸು ಕಲ್ಲಾಗಿಲ್ಲದಿದ್ದರೆ ಅಷ್ಟೇ ಸಾಕಾಗಬಹುದು.
– ನಿವೃತ್ತ ಶಿಕ್ಷಕಿ

ಎಲ್ಲರೂ ದಾವೀದನಂತೆ "ಪಾಪಮಾಡಿದ್ದೇನೆ" ಎನ್ನುವುದಿಲ್ಲ. ಯುದ್ಧಕ್ಕೆ ಹೊರಟ ಇಸ್ರಾಯೇಲಿನ ಅರಸ ಅಹಾಬನ ಮುಂದೆ 400 ಪ್ರವಾದಿಗಳು ಒಂದೇ ಬಾಯಲ್ಲಿ ಜಯ ನಿನ್ನದೇ ಎಂದರು. ಕರೆಯಲು ಹೋದ ದೂತ ಇನ್ನೊಬ್ಬ ಪ್ರವಾದಿ ಮೀಕಾಯೆಹುವಿಗೂ "ನೀನೂ ಹಾಗೇ ಹೇಳಿಬಿಡು" ಎಂದ. ನಿಜ ಹೇಳಿದ್ದಕ್ಕೆ ಮೀಕಾಯೆಹುವಿಗೆ ಸಿಕ್ಕಿದ್ದು ಕೆನ್ನೆಗೆ ಏಟು, ಸೆರೆಮನೆ (1 ಅರಸುಗಳು 22). ಅಹಾಬ ಯುದ್ಧದಲ್ಲಿ ಸತ್ತ. ಮೀಕಾಯೆಹು ಬಿಡುಗಡೆಯಾದನೇ? ಆ ಅಧ್ಯಾಯ ಹೇಳುವುದಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಲೆಕ್ಕದ ಜವಾಬ್ದಾರಿ ಕೈತಪ್ಪಬಹುದು, ಆಪ್ತರೂ ಮುಖ ತಿರುಗಿಸಬಹುದು, ಮನೆಯವರಿಗೆ ಇದನ್ನು ಮೊದಲೇ ತಿಳಿಸಿಡಿ. ಮೊದಲು ಪಾಲಕರ ಬಳಿ ಖಾಸಗಿಯಾಗಿ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಮತ್ತಾಯ 18ರಲ್ಲಿ ಯೇಸು ತೋರಿಸಿದ ಕ್ರಮ ಇದೇ. ರಸೀದಿಗಳ ಪ್ರತಿ ನಿಮ್ಮಲ್ಲಿರಲಿ.
– ಸಭೆಯೊಂದರ ಹಿರಿಯರು

ನನ್ನ ಮಾತು ಆ ಸಭೆಯ ಸಮಿತಿಯ ಉಳಿದವರಿಗೆ. ಪ್ರವಾದಿ ಯೆರೆಮೀಯನನ್ನು ಕೆಸರು ಬಾವಿಗೆ ಇಳಿಸಿದಾಗ ಅರಮನೆಯಲ್ಲಿ ಜನರಿಗೇನು ಕಡಿಮೆಯಿರಲಿಲ್ಲ. ಅರಸನ ಬಳಿ ಹೋಗಿ "ಇದು ಅನ್ಯಾಯ" ಎಂದವನು ಕೂಷ್ ದೇಶದಿಂದ ಬಂದ ಪರದೇಶಿ ಎಬೆದ್ಮೆಲೆಕನೊಬ್ಬನೇ. ಹಗ್ಗ ಒತ್ತದಿರಲೆಂದು ಕಂಕುಳಿಗೆ ಇಟ್ಟುಕೊಳ್ಳಲು ಹಳೇ ಬಟ್ಟೆ ಚಿಂದಿಯನ್ನೂ ಇಳಿಸಿದ. ಎಂಥ ಕಾಳಜಿ! ಆ ತಂಗಿಯನ್ನು ಒಂಟಿಯಾಗಿ ಕಳಿಸಬೇಡಿ. ನಿಮಗೂ ಲೆಕ್ಕ ಗೊತ್ತಿದೆ, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.
– ಒಬ್ಬ ಓದುಗ