ಹುಟ್ಟಿದೂರಲ್ಲೇ ಒಂದು ಸಣ್ಣ ಮನೆ ಮಾಡೋಕೆ ಆಗುತ್ತಾ ಸರ್?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಮನೆಯವರು ಪಿಕಪ್ ಓಡಿಸುತ್ತಾರೆ. ಇಬ್ಬರದ್ದೂ ಸೇರಿ ತಿಂಗಳಿಗೆ 32,000 ಬರುತ್ತದೆ, ಅದರಲ್ಲಿ 9,000 ಬಾಡಿಗೆ. ಈಗ ಓನರ್ ಖಾಲಿ ಮಾಡಿ ಅಂತಿದ್ದಾರೆ, ಹೋಮ್‌ಸ್ಟೇ ಮಾಡ್ತಾರಂತೆ. ನಾವಿನ್ನೂ ಒಳಗಿರುವಾಗಲೇ ಹೊರಗೋಡೆಗೆ ಬಣ್ಣ ಹೊಡೆಸಿ, ಬೋರ್ಡಿಗೆ ಮೊಳೆಯೂ ಬಡಿಸಿದ್ದಾರೆ. ಬ್ರೋಕರ್ ಒಬ್ಬರು ಊರಾಚೆ 20×30 ಸೈಟು 5 ಲಕ್ಷಕ್ಕೆ ಕೊಡಿಸುತ್ತೇನೆ, ಅಗ್ರಿಮೆಂಟ್, ಜಿಪಿಎ ಅನ್ನೋ ಅಧಿಕಾರ ಪತ್ರ ಸಾಕು ಅಂತಾರೆ. ಒಡವೆ ಅಡ ಇಟ್ಟು ತಗೊಳ್ಳಲಾ?

ಉತ್ತರ (ನಿವೃತ್ತ ಬ್ಯಾಂಕ್ ಗೃಹಸಾಲ ಅಧಿಕಾರಿ): ಒಡವೆ ಮುಟ್ಟಬೇಡಿ ತಾಯಿ. ಅಗ್ರಿಮೆಂಟ್, ಜಿಪಿಎಯಿಂದ ಜಾಗ ನಿಮ್ಮದಾಗುವುದಿಲ್ಲ. 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದು ಕನ್ವರ್ಷನ್ ಆಗದ, ಅಂದರೆ ಕೃಷಿ ಜಮೀನನ್ನು ವಾಸಕ್ಕೆ ಬದಲಾಯಿಸಿಕೊಳ್ಳದ ರೆವಿನ್ಯೂ ಸೈಟು ಇರಬೇಕು, ಅದಕ್ಕೇ ರಿಜಿಸ್ಟರ್ ಮಾತೇ ಇಲ್ಲ. ಅಂಥದ್ದಕ್ಕೆ ಬ್ಯಾಂಕ್ ಸಾಲವೂ ಸಿಗುವುದಿಲ್ಲ. ಸರ್ವೆ ನಂಬರ್ ಕೇಳಿ, ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲ ಇದೆಯಾ ನೋಡಿ.

ಇನ್ನು ನಿಮಗೆ ದಾರಿ ಇದೆ. ವರ್ಷಕ್ಕೆ ನಿಮ್ಮ ಆದಾಯ 3.84 ಲಕ್ಷ. ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ 3ರಿಂದ 6 ಲಕ್ಷದವರ ಗುಂಪಿಗೆ ಬರುತ್ತೀರಿ. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು. ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದರೆ ಬಡ್ಡಿಯಲ್ಲಿ ಒಟ್ಟು 1.80 ಲಕ್ಷದವರೆಗೆ ಸಹಾಯಧನ, ಐದು ಕಂತಲ್ಲಿ. ಮನೆ ನಿಮ್ಮ ಹೆಸರಲ್ಲಿ ಅಥವಾ ಇಬ್ಬರ ಹೆಸರಲ್ಲೂ ಇರಲಿ.

ಲೆಕ್ಕ ನೋಡಿ: 8.5% ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ. 10 ಲಕ್ಷಕ್ಕೆ 8,680. ಈಗಿನ ಬಾಡಿಗೆಗಿಂತ ಕಡಿಮೆ ಅಲ್ವಾ? ಆದರೆ 10 ಲಕ್ಷಕ್ಕೆ ಜಾಗ, ಮನೆ ಎರಡೂ ಆಗುವುದು ಕಷ್ಟ. ನಗರಸಭೆಯಲ್ಲಿ ಆಶ್ರಯ ಸೈಟಿಗೆ ಅರ್ಜಿ ಕರೆದಿದ್ದಾರಾ, ನಿಮ್ಮ ಆದಾಯಕ್ಕೆ ಅದು ಸಿಗುತ್ತಾ ವಿಚಾರಿಸಿ.

ಇನ್ನೊಬ್ಬರು: ಇಪ್ಪತ್ತು ಕಿಲೋಮೀಟರ್ ಆಚೆ ಹೋದರೆ ಅಗ್ಗಕ್ಕೆ ಸಿಗುತ್ತೆ, ಸುಮ್ನೆ ಊರಲ್ಲೇ ಯಾಕೆ ಒದ್ದಾಡಬೇಕು?

ಉತ್ತರ: ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳು ಎಲ್ಲಿ ಬಸ್ಸು ಕಾಯಬೇಕು ಹೇಳಿ. ನಮ್ಮ ಊರಿನ ರೋಗಿ ನೋಡೋಕೆ, ಬಸ್ಸು ಓಡಿಸೋಕೆ, ರಸ್ತೆ ಗುಡಿಸೋಕೆ ಇವರು ಬೇಕು. ಇರೋಕೆ ಮಾತ್ರ ಬೇಡವಾ? ಶನಿವಾರ ಬಂದು ಭಾನುವಾರ ಹೋಗುವವರಿಗೆ ಮನೆ ಇದೆ, ವಾರವಿಡೀ ದುಡಿಯುವವರಿಗೆ ಇಲ್ಲ. ಊರೊಳಗೆ ಖಾಲಿ ಬಿದ್ದ ಸರ್ಕಾರಿ ಜಾಗದಲ್ಲಿ ಎರಡು ಕೋಣೆಯ ಮನೆಗಳನ್ನು ಕಟ್ಟಿ ಕಡಿಮೆ ಬಾಡಿಗೆಗೆ ಕೊಡಲಿ. ವಾರ್ಡ್ ಸದಸ್ಯರನ್ನು ಕೇಳಬೇಕಾದ್ದು ಇದನ್ನೇ.

ಪ್ರಶ್ನೆ ಕೇಳಿದವರು: ಅಡ್ವಾನ್ಸ್ ನಾಳೆ ಸಂಜೆಯೊಳಗೆ ಬೇಕು ಅಂತಿದ್ದಾರೆ ಸರ್, ಬೇರೆ ಪಾರ್ಟಿ ಇದ್ದಾರಂತೆ.

ಉತ್ತರ: ಇದ್ದರೆ ಇರಲಿ. ಒಂದು ರೂಪಾಯಿಯೂ ಕೊಡಬೇಡಿ. ನಾಳೆ ಬೆಳಿಗ್ಗೆ ಪಹಣಿ ತೆಗೆಸಿ ನನಗೆ ಫೋಟೊ ಕಳಿಸಿ, ಓದಿ ಹೇಳುತ್ತೇನೆ.